ಹನ್ನೊಂದನೆಯ ಅಮ್ಮ

ನಂಜನಗೂಡು
12 ಜುಲೈ 2023

ನಾಗರತ್ನ ಮೇಡಂ ಅವರಿಗೆ ನಮಸ್ಕಾರ.

ಕಳೆದ ವಾರ ತಿ. ನರಸೀಪುರದ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತು, ನಮ್ಮ ಪ್ರಶ್ನೆಗಳ ಹಾಳೆ ಓದಿ, ಪಕ್ಕದ ಸಿಸ್ಟರ್ ಕಿವಿಯಲ್ಲಿ ಏನೋ ಹೇಳಿ ನಕ್ಕಿರಲ್ಲ, ಆ ನಗುವಿನಿಂದಾಗಿ ಈ ಕಾಗದ ಬರೆಯುತ್ತಿದ್ದೇನೆ. ನಾನು ಶ್ವೇತ. ಮೈಕು ಕೈಕೊಟ್ಟಾಗ ವೇದಿಕೆಯ ಮೇಲೆ ಬೆವೆತ ಹುಡುಗಿ.

ನಮ್ಮ ಕೆಲಸವನ್ನು ಅವತ್ತು ಸರಿಯಾಗಿ ಹೇಳಲಾಗಲಿಲ್ಲ. ಎರಡು ತಾಲ್ಲೂಕುಗಳಲ್ಲಿ ಬಸಿರು, ಹೆರಿಗೆಗೆ ಸರ್ಕಾರಿ ಆರೈಕೆ ಪಡೆದ ಹೆಂಗಸರನ್ನೂ ಅವರ ಮನೆಯವರನ್ನೂ ಮಾತಾಡಿಸುತ್ತಿದ್ದೇವೆ. ಎಷ್ಟು ಜನ, ಎಷ್ಟು ಸಲ ಎಂಬ ಲೆಕ್ಕ ನಮಗೆ ಬೇಡ, ಏನು ನಡೆಯಿತು, ಹೇಗನ್ನಿಸಿತು ಎಂಬುದು ಬೇಕು. ಇಂಥ ವರದಿಗಳು ಎಷ್ಟೋ ಬಂದು ಕಪಾಟು ಸೇರಿವೆ. ಅವನ್ನು ಬಳಸಬೇಕಾದ, ಹಳ್ಳಿಯ ಬಸುರಿಯರನ್ನು ನೋಡಿಕೊಳ್ಳುವ ನಿಮ್ಮಂಥ ಆರೋಗ್ಯ ಸಿಸ್ಟರ್‌ಗಳನ್ನು ಬರೆಯುವಾಗ ಯಾರೂ ಕೇಳಿರುವುದಿಲ್ಲ. ಈ ಸಲ ನಮ್ಮ ಮುಖ್ಯಸ್ಥರಾದ ಅಮೃತೇಶ್ ಸರ್ ಹಟ ಹಿಡಿದಿದ್ದಾರೆ. ಸಿಸ್ಟರ್‌ಗಳೇ ನಮ್ಮ ಜೊತೆಗಾರರಾಗಿ ಪ್ರಶ್ನೆ ತಿದ್ದಬೇಕು, ಹೆಂಗಸರ ಮಾತು ಓದಬೇಕು, ಅದರ ಅರ್ಥ ಹೇಳಬೇಕು. ಡಿಸೆಂಬರ್ ಆರರಂದು ನಂಜನಗೂಡಿನ ಸಭೆಯಲ್ಲಿ ಎಲ್ಲರ ಮುಂದೆ ಓದುವ ವರದಿಗೆ ನಿಮ್ಮ ಹೆಸರೂ ಇರುತ್ತದೆ.

ಒಂದೆರಡು ಕಟ್ಟುಪಾಡುಗಳಿವೆ. ಮಾತುಗಳನ್ನು ಟೈಪು ಮಾಡಿ, ಊರು, ಹೆಸರು ತೆಗೆದು, ನಂಬರು ಹಾಕಿ ಕಳಿಸುತ್ತೇವೆ. ಫೋನಿನಲ್ಲಿ ಅಲ್ಲ, ಅಂಟಿಸಿದ ಕವರಿನಲ್ಲಿ, ಅಂಚೆಯ ಮೂಲಕ. ನಿಮ್ಮ ತಾಲ್ಲೂಕಿನವರ ಮಾತನ್ನು ಇಲ್ಲಿಯ ಸಿಸ್ಟರ್‌ಗಳು ಓದುತ್ತಾರೆ, ಇಲ್ಲಿಯವರದ್ದನ್ನು ನೀವು. ಯಾರಿಗೂ ತಮ್ಮೂರಿನವರ ಗುಟ್ಟು ಕಾಣದಿರಲಿ ಎಂದು ಈ ಏರ್ಪಾಡು.

ಒಪ್ಪುತ್ತೀರಾ? ಒಪ್ಪದಿದ್ದರೂ ಅವತ್ತು ಏಕೆ ನಕ್ಕಿರಿ ಎಂದಾದರೂ ತಿಳಿಸಿ.

ವಿಶ್ವಾಸದಿಂದ,
ಶ್ವೇತ


ತಿ. ನರಸೀಪುರ
22 ಜುಲೈ 2023

ಶ್ವೇತ ಅವರಿಗೆ,

ನನ್ನ ನಗು ವೇದಿಕೆಯ ತನಕ ಬಂದಿತ್ತೆಂದು ಗೊತ್ತಿರಲಿಲ್ಲ. ಪಕ್ಕದವಳಿಗೆ ನಾನು ಹೇಳಿದ್ದು ಇಷ್ಟೆ: "ಸೇವೆಯು ತೃಪ್ತಿಕರವಾಗಿತ್ತೇ ಅಂತ ಕೇಳ್ತಾವ್ರೆ. ಹೂಂ ಅಂದು ಎದ್ದೋಯ್ತಾರೆ ನೋಡು."

ಮೂವತ್ತಮೂರು ವರ್ಷ ಸರ್ವೀಸಾಯಿತು. ರಿಟೈರಾಗಲು ಇನ್ನೊಂದೂವರೆ ವರ್ಷವಿದೆ. ತಲಕಾಡಿನ ಆಚೆ ನಾಲ್ಕು ಹಳ್ಳಿ ನನ್ನವು. ಸ್ಕೂಟರಿನಲ್ಲಿ ಹೋಗುತ್ತೇನೆ, ಸಂಜೆಗೆ ನರಸೀಪುರದ ಮನೆಗೆ ಬರುತ್ತೇನೆ. ಇಷ್ಟು ವರ್ಷದಲ್ಲಿ ಎಷ್ಟು ಫಾರಂ ತುಂಬಿದ್ದೇನೋ ಶಿವನೇ ಬಲ್ಲ. ಸಿಸ್ಟರೇ, ಇದಕ್ಕೆ ನೀವೇನನ್ನುತ್ತೀರಿ ಎಂದು ಕಾಗದ ಬರೆದು ಕೇಳಿದವರು ನೀವೇ ಮೊದಲು. ಅನುಮಾನವಾಯಿತು. ಎರಡು ದಿನ ಕವರನ್ನು ಟಿ.ವಿ. ಮೇಲೆ ಇಟ್ಟು ಆಮೇಲೆ ಬರೆಯಲು ಕುಳಿತೆ.

ಪ್ರಶ್ನೆಗಳನ್ನು ತಿದ್ದಿ ಇಟ್ಟಿದ್ದೇನೆ. ಹೊಡೆದು ಹಾಕಿದ್ದೇ ಜಾಸ್ತಿ, ಬೇಜಾರು ಮಾಡಿಕೊಳ್ಳಬೇಡಿ. ಜಗುಲಿಯ ಮೇಲೆ ಕೂರಿಸಿ ಕೇಳಬೇಡಿ, ಅಲ್ಲಿ ಗಂಡಸರು ಉತ್ತರ ಹೇಳುತ್ತಾರೆ. ಅಡಿಗೆಮನೆಗೆ ಹೋಗಿ, ಸೊಪ್ಪು ಬಿಡಿಸಲು ಕೈ ಹಾಕಿ. "ನಿಮ್ಮ ಅನುಭವ ತಿಳಿಸಿ" ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಅವತ್ತು ಮನೆಯಿಂದ ಎಷ್ಟು ಹೊತ್ತಿಗೆ ಹೊರಟಿರಿ, ಜೊತೆಗೆ ಯಾರಿದ್ದರು ಎಂದು ಶುರು ಮಾಡಿ.

ಇನ್ನೊಂದು ಮಾತು. ತಾಯಿ ಕಾರ್ಡು ತರಿಸಿ ಅವರ ಕೈಗೇ ಕೊಟ್ಟು ಮಾತಾಡಿಸಿ. ನಾವು ತಿಂಗಳು ತಿಂಗಳು ತೂಕ, ರಕ್ತ, ಬಿ.ಪಿ. ಬರೆದುಕೊಡುವ ಕಾರ್ಡು. ಮಕ್ಕಳು ಸ್ಕೂಲಿಗೆ ಹೋಗುವಂತಾದರೂ ಅದನ್ನು ಎಸೆದಿರುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದರೆ ಮರೆತದ್ದೆಲ್ಲ ನೆನಪಿಗೆ ಬರುತ್ತದೆ.

ಒಪ್ಪಿದ್ದೇನೆ ಅಂದುಕೊಳ್ಳಿ.

ನಾಗರತ್ನ


ನಂಜನಗೂಡು
19 ಆಗಸ್ಟ್ 2023

ಪ್ರೀತಿಯ ನಾಗರತ್ನಮ್ಮನವರಿಗೆ,

ಮೇಡಂ ಎನ್ನುವುದು ಕೈಬಿಟ್ಟಿದ್ದೇನೆ. ನೀವು ನಮ್ಮ ಹದಿನೆಂಟು ಪ್ರಶ್ನೆಗಳಲ್ಲಿ ಹನ್ನೊಂದನ್ನು ಹೊಡೆದ ಮೇಲೆ ಆ ದೂರ ಉಳಿಯಲಿಲ್ಲ.

ಕಾರ್ಡಿನ ಉಪಾಯ ಎಷ್ಟು ಕೆಲಸ ಮಾಡಿತೆಂದರೆ ಅಮೃತೇಶ್ ಸರ್ ಅದನ್ನು ಎಲ್ಲ ತಂಡಗಳಿಗೂ ಕಡ್ಡಾಯ ಮಾಡಿದ್ದಾರೆ. ಒಂದು ಊರಿನಲ್ಲಿ ಒಬ್ಬಳು ಹತ್ತು ನಿಮಿಷ ಬರೀ ಹೂಂ, ಊಹೂಂ ಎನ್ನುತ್ತಿದ್ದವಳು ಕಾರ್ಡು ಕೈಗೆ ಬಂದದ್ದೇ ಒಂದೂವರೆ ಗಂಟೆ ಮಾತಾಡಿದಳು. ನಾನು ಒಂದು ಕಂತೆ ಹುಣಸೆ ಚಿಗುರು ಬಿಡಿಸಿದೆ. ಉಗುರೆಲ್ಲ ಹುಳಿ. ಮನೆಗೆ ಬಂದರೆ ನಮ್ಮ ಅಜ್ಜಿ ಮಲ್ಲಾಜಮ್ಮ, "ಓದಿಸಿದ್ದು ಸಾರ್ಥಕ ಆಯ್ತು ಬುಡು" ಎಂದಳು.

ಒಂದರಿಂದ ಆರರ ತನಕದ ಮಾತುಗಳನ್ನು ಕಳಿಸಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಿಂದ ಏನು ತೋಚಿದರೂ ಬರೆಯಿರಿ.

ನಿಮ್ಮ,
ಶ್ವೇತ


ತಿ. ನರಸೀಪುರ
2 ಸೆಪ್ಟೆಂಬರ್ 2023

ಶ್ವೇತಮ್ಮನಿಗೆ,

ಆರನ್ನೂ ಎರಡೆರಡು ಸಲ ಓದಿದೆ. ನಮ್ಮ ಯಜಮಾನರು ನಿಂಗರಾಜು ಅವರು ದಿನಾ ಬೆಳಗ್ಗೆ ಪೆನ್ಸಿಲು ಚೂಪು ಮಾಡಿ ಇಡುತ್ತಾರೆ, ಪರೀಕ್ಷೆಗೆ ಹೋಗುವ ಹುಡುಗಿಗೆ ಇಟ್ಟ ಹಾಗೆ.

ಮೂರನೆಯವಳ ಮಾತಿನಲ್ಲಿ ನೀನು ನಾಲ್ಕು ಕಡೆ "ನಗು" ಎಂದು ಕಂಸದಲ್ಲಿ ಹಾಕಿ, ಅವಳು ಸಂತೋಷದಿಂದಿದ್ದಾಳೆ ಎಂದು ಬರೆದಿದ್ದೀಯ. ಅಲ್ಲ ಕಣಮ್ಮ. ಹೆರಿಗೆ ಕೋಣೆಯಲ್ಲಿ ಆಯಾ ಬೈದದ್ದನ್ನು ಹೇಳುವಾಗ ನಕ್ಕಿದ್ದಾಳೆ. ಆ ಮಾತನ್ನು ಅಳುತ್ತಾ ಹೇಳಿದರೆ ಅತ್ತೆಯ ಕಿವಿಗೆ ಬೀಳುತ್ತದೆ, ಅದಕ್ಕೇ ನಕ್ಕು ಹೇಳಿದ್ದಾಳೆ. ಐದನೆಯವಳು "ಯಾರೂ ಏನೂ ಅನ್ಲಿಲ್ಲ" ಅಂದದ್ದನ್ನು ನೀನು ಒಳ್ಳೆಯ ನಡತೆ ಎಂಬ ಪಟ್ಟಿಗೆ ಸೇರಿಸಿದ್ದೀಯ. ಯಾರೂ ಒಂದು ಮಾತೂ ಆಡಿಸಲಿಲ್ಲ ಎಂಬುದು ಅವಳ ದೂರು.

ಹೀಗೆ ಬರೆಯುವಾಗ ನನಗೇ ಆಶ್ಚರ್ಯವಾಗುತ್ತದೆ. ಇಷ್ಟೆಲ್ಲ ನನಗೆ ಗೊತ್ತಿತ್ತೇ ಎಂದು. ಇಷ್ಟು ವರ್ಷ ನಾನು ಕಾಲಂ ತುಂಬುವವಳು ಮಾತ್ರ ಅಂದುಕೊಂಡಿದ್ದೆ. ಆರನೆಯವಳು ತನ್ನ ಸಿಸ್ಟರನ್ನು ಬೈದಿದ್ದಾಳಲ್ಲ, ಅದನ್ನು ಓದಿ ಮೊದಲು ಸಿಟ್ಟು ಬಂತು. ಆಮೇಲೆ, ಇರಲಿ, ನಮ್ಮವರೂ ಓದಬೇಕು ಅನ್ನಿಸಿತು. ಅದನ್ನು ತೆಗೆಯಬೇಡ. ಕಹಿ ಮಾತು ತೆಗೆದರೆ ಈ ಕೆಲಸಕ್ಕೆ ಅರ್ಥವಿಲ್ಲ.

ಉಳಿದವನ್ನು ಬೇಗ ಕಳಿಸು.

ನಾಗರತ್ನ


ನಂಜನಗೂಡು
20 ಸೆಪ್ಟೆಂಬರ್ 2023

ಪ್ರೀತಿಯ ನಾಗರತ್ನಮ್ಮ,

ಮೊನ್ನೆ ಗಣೇಶನ ಹಬ್ಬ. ಕಡುಬು ಕಟ್ಟಿ ಕಳಿಸಬೇಕೆಂದರೆ ಅಂಚೆಯವರು ಒಪ್ಪುವುದಿಲ್ಲ, ಏಳರಿಂದ ಹನ್ನೆರಡರ ತನಕದ ಹಾಳೆಗಳನ್ನು ಕಳಿಸುತ್ತಿದ್ದೇನೆ. "ಶ್ವೇತಮ್ಮ" ಎಂದು ಕರೆದು, ಆಮೇಲೆ ಏಕವಚನಕ್ಕೆ ಇಳಿದಿರಲ್ಲ, ಅವತ್ತಿಡೀ ಖುಷಿಯಲ್ಲಿದ್ದೆ.

ಹನ್ನೊಂದನೆಯದನ್ನು ನಿಧಾನವಾಗಿ ಓದಿ. ನಮ್ಮ ತಾಲ್ಲೂಕಿನ ಒಬ್ಬ ತಾಯಿ, ಎರಡು ವರ್ಷದ ಹಿಂದೆ ಚೊಚ್ಚಲ ಬಸುರಿ ಮಗಳನ್ನು ಕಳೆದುಕೊಂಡವರು. ಮಗುವೂ ಉಳಿಯಲಿಲ್ಲ. ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ. ಅದನ್ನು ಹಿಡಿದುಕೊಂಡೇ ಮಾತಾಡಿದರು. ಅವರ ಮಾತನ್ನು ಇಲ್ಲೂ ಬರೆಯುತ್ತೇನೆ, ತಡೆಯಲಾಗುತ್ತಿಲ್ಲ:

"ಎಂಟು ತುಂಬಿತ್ತು ಕಣವ್ವ. ಒಂಬತ್ರಲ್ಲಿ ಕರ್ಕಂಡು ಬರಾಕೆ ದಿನ ಕೇಳಿದ್ವು. ಬಾಯಿ ರುಚಿ ಇಲ್ಲ ಅಂದ್ಳು ಅಂತ ನಾನೇ ಉಪ್ಪು ಮಜ್ಗೇಲಿ ನೆನ್ಸಿ ಒಣಗ್ಸಿ ಒಂದು ಡಬ್ಬ ಬಾಳಕದ ಮೆಣಸಿನಕಾಯಿ ಮಾಡಿ ಕೊಟ್ಟು ಬಂದಿದ್ದೆ. ದಿನಾ ಅದನ್ನೇ ನಂಚ್ಕಂಡು ತಿಂದವ್ಳೆ. ತಲೆನೋವು, ಕಣ್ಣು ಮಂಜು ಅಂತ ಸಿಸ್ಟರ್ ತಾವ್ಕೋದ್ಳು. ಸಿಸ್ಟರು ಒಳ್ಳೇವ್ರು. ಬಿ.ಪಿ. ನೋಡಿ ಬರ್ದವ್ರೆ, ಇಗಾ, ಕಾರ್ಡ್ನಲ್ಲೇ ಅದೆ, ಎಲ್ಲಾ ಸರಿಯಾಗೇ ಇತ್ತು. ಮಳೆ ಅಂತ ಅವ್ರ ಸ್ಕೂಟ್ರಲ್ಲೇ ಮನೆಗಂಟ ಬುಟ್ರು. ಗೌರಮ್ಮ ಇದ್ದಂಗೆ ಇದ್ದೀಯ ಅಂದ್ರಂತೆ, ಫೋನ್ನಲ್ಲಿ ಯೋಳ್ಕಂಡು ನಕ್ಕಿದ್ಳು. ಎರಡನೇ ದಿನಕ್ಕೇ ಫಿಟ್ಸ್ ಬಂತು. ಆಸ್ಪತ್ರೇಲಿ ಯಾರೋ ಅಂದ್ರು, ಉಪ್ಪು ಜಾಸ್ತಿ ತಿಂದ್ರೆ ಇಂಗಾಯ್ತದೆ ಅಂತ. ಕಾರ್ಡ್ನಲ್ಲಿ ಎಲ್ಲಾ ಸರಿ ಇತ್ತು ಅಂದ್ಮೇಲೆ ಇನ್ನೇನವ್ವ. ನಾನೇ ಕೊಟ್ಟದ್ದು."

ಇದನ್ನು ನಾನು ತಿಳಿವಳಿಕೆಯ ಕೊರತೆ ಎಂಬ ತಲೆಬರಹದ ಕೆಳಗೆ ಇಟ್ಟಿದ್ದೇನೆ. ಆರೈಕೆ ಸರಿಯಾಗಿತ್ತು, ಸಿಸ್ಟರ್ ಮಳೆಯಲ್ಲಿ ಮನೆತನಕ ಬಿಟ್ಟಿದ್ದಾರೆ. ಬಸುರಿಯರ ಆಹಾರದ ಬಗ್ಗೆ ಮನೆಯವರಿಗೆ ಹೇಳುವವರಿರಲಿಲ್ಲ. ಈಗ ಈ ತಾಯಿಗೆ ಅರಿವು ಬಂದಿದೆ ಎನ್ನುವುದೊಂದು ಸಮಾಧಾನ. ನನಗೆ ಊಟ ಬಡಿಸಿ, ತಮಗೆ ಬೇರೆ ಪಾತ್ರೆಯಿಂದ ಉಪ್ಪಿಲ್ಲದ ಸಾರು ಹಾಕಿಕೊಂಡರು. ಬಿ.ಪಿ. ಇದೆಯಾ ಅಮ್ಮ ಎಂದರೆ ಇಲ್ಲ ಎಂದು ತಲೆಯಾಡಿಸಿದರು. ಮುಂಜಾಗ್ರತೆಗೆ ಇರಬೇಕು.

ನಿಮ್ಮ ಅಂಚಿನ ಮಾತುಗಳಿಗೆ ಕಾಯುತ್ತೇನೆ.

ನಿಮ್ಮ,
ಶ್ವೇತ


ತಿ. ನರಸೀಪುರ
4 ಅಕ್ಟೋಬರ್ 2023

ಶ್ವೇತ ಅವರಿಗೆ,

ಹಾಳೆಗಳನ್ನು ಹಿಂದಿರುಗಿಸಿದ್ದೇನೆ. ಏಳು, ಎಂಟು, ಹನ್ನೆರಡಕ್ಕೆ ಬರೆದಿದ್ದೇನೆ. ಒಂಬತ್ತು, ಹತ್ತು ಸರಿಯಿವೆ.

ಹನ್ನೊಂದನೆಯದನ್ನು ಬಿಡಬಹುದು, ಅಂಚಿನಲ್ಲೂ ಬರೆದಿದ್ದೇನೆ. ಮುಖ್ಯ ಅಲ್ಲ.

ನನಗೆ ಮೈ ಸರಿಯಿಲ್ಲ. ದಸರಾ ಆದ ಮೇಲೆ ನನ್ನ ಬದಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ನಾಗರತ್ನ


ನಂಜನಗೂಡು
17 ಅಕ್ಟೋಬರ್ 2023

ಪ್ರೀತಿಯ ನಾಗರತ್ನಮ್ಮ,

ನಾಲ್ಕು ಸಲ ಫೋನ್ ಮಾಡಿದೆ. ನಿಂಗರಾಜು ಅವರು ಎತ್ತಿ, ಮಲಗಿದ್ದಾಳೆ ಎಂದರು. ಏನಾಯಿತು? ಸಕ್ಕರೆ ಕಾಯಿಲೆಯೇ, ಸೊಂಟವೇ? ಸ್ಕೂಟರಿನಲ್ಲಿ ಅಷ್ಟು ದೂರ ತಿರುಗುವುದು ಈ ವಯಸ್ಸಿಗೆ ಹೆಚ್ಚಾಯಿತು.

ಅಥವಾ ನನ್ನ ಮೇಲೆ ಕೋಪವೇ? ತಿಳಿವಳಿಕೆಯ ಕೊರತೆ ಎಂದು ಬರೆದು ನಾನು ಆ ತಾಯಿಯನ್ನು ಹೀಗಳೆದೆ ಎಂದು ನಿಮಗೆ ನೋವಾಗಿದ್ದರೆ ಆ ಮಾತು ಬದಲಿಸುತ್ತೇನೆ. ಆದರೆ ಹನ್ನೊಂದನೆಯದನ್ನು ಬಿಡಲು ಸಾಧ್ಯವೇ ಇಲ್ಲ. ಅಮೃತೇಶ್ ಸರ್ ಓದಿ, ಇದೇ ವರದಿಯ ನಡುಮನೆ ಎಂದಿದ್ದಾರೆ. ಬಸುರಿಯರಿಗೆ ಉಪ್ಪು ಕಡಿಮೆ ಕೊಡಿ ಎಂದು ಊರೂರಿಗೆ ಅಂಟಿಸುವ ಭಿತ್ತಿಪತ್ರವೂ ತಯಾರಾಗುತ್ತಿದೆ.

ಇನ್ನೂ ಒಂದಿದೆ. ಹೋದ ವಾರ ಮತ್ತೆ ಅವರ ಮನೆಗೆ ಹೋಗಿ, ಡಿಸೆಂಬರ್ ಆರರಂದು ಸಭೆಯಲ್ಲಿ ನೀವೇ ಎದ್ದು ಎರಡು ಮಾತು ಹೇಳುತ್ತೀರಾ ಎಂದು ಕೇಳಿದೆ. ಒಪ್ಪಿದರು. "ಯೋಳ್ತೀನಿ. ನಾನ್ ಮಾಡಿದ್ ತಪ್ಪ ಬ್ಯಾರೆ ತಾಯಂದ್ರು ಮಾಡ್ದೇ ಇರ್ಲಿ" ಎಂದರು. ನನಗೆ ಕಣ್ಣು ತುಂಬಿ ಬಂತು. ಇಂಥ ಧೈರ್ಯ ಎಷ್ಟು ಜನಕ್ಕಿರುತ್ತದೆ?

ಆ ದಿನ ನೀವು ನನ್ನ ಪಕ್ಕದಲ್ಲಿ ಇರಲೇಬೇಕು. ಬಿಟ್ಟು ಹೋಗುವ ಮಾತು ಆಡಬೇಡಿ.

ನಿಮ್ಮ,
ಶ್ವೇತ


ನಂಜನಗೂಡು
3 ನವೆಂಬರ್ 2023

ನಾಗರತ್ನಮ್ಮ,

ಉತ್ತರವಿಲ್ಲ. ದಸರಾನೂ ಮುಗಿಯಿತು. ಬರೆಯಲು ಆಗದಿದ್ದರೆ ಖಾಲಿ ಕವರಾದರೂ ಅಂಚೆಗೆ ಹಾಕಿ, ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ.

ಶ್ವೇತ


ತಿ. ನರಸೀಪುರ
15 ನವೆಂಬರ್ 2023

ಶ್ವೇತಮ್ಮ,

ಆ ಸಿಸ್ಟರು ನಾನು.

ಮೂರು ಸಲ ಬರೆಯಲು ಕುಳಿತು ಹರಿದೆ. ಈಗ ದೀಪಾವಳಿಯೂ ಮುಗಿಯಿತು, ಆರನೇ ತಾರೀಖಿನ ಸಭೆಗೆ ಮೂರೇ ವಾರ ಉಳಿದಿದೆ. ಹರಿಯದೆ ಬರೆಯುತ್ತಿದ್ದೇನೆ.

ನೀನು ಊರು ತೆಗೆದೆ, ಹೆಸರು ತೆಗೆದೆ. ಸ್ಕೂಟರು, ಗೌರಮ್ಮ ಉಳಿದವು. ನಿಮ್ಮ ತಾಲ್ಲೂಕಿನವರ ಮಾತು ನನಗೆ, ನಮ್ಮವರದ್ದು ನಿಮಗೆ ಎಂದು ಬೇಲಿ ಹಾಕಿದಿರಿ. ತಾಯಿ ನಿಮ್ಮ ತಾಲ್ಲೂಕಿನಲ್ಲಿದ್ದರೆ ಮಗಳೂ ಅಲ್ಲೇ ಇರುತ್ತಾಳಾ ಶ್ವೇತ? ಹೆಣ್ಣುಮಕ್ಕಳನ್ನು ಕೊಟ್ಟಿರುತ್ತಾರಲ್ಲಮ್ಮ. ಆ ತಾಯಿ ಮರಿತಾಯಮ್ಮ. ಹುಡುಗಿ ಇಂದ್ರಾಣಿ, ಇಪ್ಪತ್ತೆರಡು ವರ್ಷ. ನನ್ನ ನಾಲ್ಕು ಹಳ್ಳಿಗಳಲ್ಲಿ ಒಂದಕ್ಕೆ ಮದುವೆಯಾಗಿ ಬಂದಿದ್ದಳು.

2021ರ ನವೆಂಬರ್, ಗುರುವಾರ, ಮಕ್ಕಳಿಗೆ ಲಸಿಕೆ ಹಾಕುವ ದಿನ. ಮಳೆ. ಜನ ತುಂಬಿದ್ದರು. ನನ್ನ ಬಿ.ಪಿ. ನೋಡುವ ಮೆಷಿನ್ನಿನ ತೋಳುಪಟ್ಟಿಯಲ್ಲಿ ಗಾಳಿ ನಿಲ್ಲದೆ ಮೂರು ತಿಂಗಳಾಗಿತ್ತು. ಬೇರೆ ಕೊಡಿ ಎಂದು ಎರಡು ಸಲ ಬರೆದುಕೊಟ್ಟಿದ್ದೆ. ಬಂದಿರಲಿಲ್ಲ. ಕಾರ್ಡಿನಲ್ಲಿ ಆ ಜಾಗ ಖಾಲಿ ಬಿಟ್ಟರೆ ಮೀಟಿಂಗಿನಲ್ಲಿ ಎದ್ದು ನಿಲ್ಲಿಸಿ ಕೇಳುತ್ತಿದ್ದರು. ನೂರಿಪ್ಪತ್ತು–ಎಂಬತ್ತು, ಅಂದರೆ ಎಲ್ಲ ಸರಿ, ಎಂದು ಬರೆದರೆ ಯಾರೂ ಕೇಳುವುದಿಲ್ಲ. ಆ ಮೂರು ತಿಂಗಳು ನನ್ನಲ್ಲಿಗೆ ಬಂದ ಬಸುರಿಯರಿಗೆಲ್ಲ ಅದನ್ನೇ ಬರೆದೆ. ಇಂದ್ರಾಣಿಗೂ ಬರೆದೆ. ಅವಳ ತೋಳು ಮುಟ್ಟಲೂ ಇಲ್ಲ.

ತಲೆನೋವು ಅಂದಳು. ಕಣ್ಣು ಮಂಜು ಅಂದಳು. ಕಾಲು ಊದಿಕೊಂಡಿತ್ತು. ಬಿ.ಪಿ. ಏರಿ ಫಿಟ್ಸ್ ಬರುವ ಮುನ್ಸೂಚನೆ ಇದು, ನನಗೆ ಗೊತ್ತು ಶ್ವೇತ, ಎಷ್ಟೋ ಹುಡುಗಿಯರಿಗೆ ಪಾಠ ಹೇಳಿದ್ದೇನೆ. ನಿದ್ದೆ ಕೆಟ್ಟಿದ್ದೀಯ, ಮಲಗು, ಸೋಮವಾರ ಬಾ ಅಂದೆ. ಸ್ಕೂಟರಿನಲ್ಲಿ ಕೂರಿಸಿಕೊಂಡೆ. ಎಡಕ್ಕೆ ತಿರುಗಿದ್ದರೆ ಹದಿನೈದು ನಿಮಿಷಕ್ಕೆ ಆಸ್ಪತ್ರೆ. ನಾನು ಬಲಕ್ಕೆ ತಿರುಗಿ ಅವಳ ಮನೆಗೆ ಬಿಟ್ಟೆ.

ಶನಿವಾರ ಫಿಟ್ಸ್ ಬಂದು ತೀರಿಕೊಂಡಳು. ವಿಚಾರಣೆಗೆ ಬಂದವರು ಕಾರ್ಡು ನೋಡಿದರು, ಬಿ.ಪಿ. ಸರಿಯಿತ್ತು, ಇದ್ದಕ್ಕಿದ್ದಂತೆ ಬಂದದ್ದು ಎಂದು ಬರೆದು ಫೈಲು ಮುಚ್ಚಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಮಣ್ಣಿಗೆ ಹೋದಾಗ ಮರಿತಾಯಮ್ಮ ನನ್ನ ಎರಡು ಕೈ ಹಿಡಿದು, ನೀವು ಚೆನ್ನಾಗಿ ನೋಡ್ಕಂಡ್ರಿ ಸಿಸ್ಟರೇ ಅಂದಳು. ಆ ಕೈ ಬಿಡಿಸಿಕೊಂಡು ಬಂದೆ. ಮಾರನೆಯ ವಾರ ನಾನೇ ಮೈಸೂರಿಗೆ ಹೋಗಿ ಹೊಸ ಮೆಷಿನ್ ತಂದೆ. ನಮ್ಮ ಯಜಮಾನರಿಗೂ ಏನೂ ಹೇಳಿರಲಿಲ್ಲ. ಮೊನ್ನೆ ಹೇಳಿದೆ.

ಅವಳು ಉಪ್ಪು ಬಿಟ್ಟಿರುವುದು ಮುಂಜಾಗ್ರತೆಗಲ್ಲ. ಮಗಳನ್ನು ಕೊಂದೆ ಎಂದು ಬಿಟ್ಟಿದ್ದಾಳೆ. ನಾನು ಬರೆದ ಒಂದು ಸುಳ್ಳಿಗೆ ಎರಡು ವರ್ಷದಿಂದ ಸಪ್ಪೆ ಉಣ್ಣುತ್ತಿದ್ದಾಳೆ. ನಿನ್ನ ಹಾಳೆ ಓದುವ ತನಕ ನನಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ "ಮುಖ್ಯ ಅಲ್ಲ" ಎಂದು ಬರೆದೆ.

ಆರನೇ ತಾರೀಖು ಅವಳನ್ನು ಎಬ್ಬಿಸಿ ನಿಲ್ಲಿಸಬೇಡ. ಕೈ ಮುಗಿಯುತ್ತೇನೆ.

ನಾಗರತ್ನ


ನಂಜನಗೂಡು
20 ನವೆಂಬರ್ 2023

ನಾಗರತ್ನ ಮೇಡಂ ಅವರಿಗೆ,

ನಿಮ್ಮ ಪತ್ರ ಶನಿವಾರ ತಲುಪಿತು. ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ನಗು ಎಂದರೆ ನಗುವಲ್ಲ ಎಂದು ನನಗೆ ಕಲಿಸಿದವರು ನೀವು. ಕಹಿ ಮಾತು ತೆಗೆಯಬೇಡ ಎಂದವರೂ ನೀವೇ.

ನನ್ನ ಮೇಲೂ ಸಿಟ್ಟಿದೆ. ನಮ್ಮ ಅಜ್ಜಿಯೇ ತಲಕಾಡಿನ ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ನಕ್ಷೆ ನೋಡಿ ಬೇಲಿ ಹಾಕುವಾಗ ನನಗೆ ಅದು ಹೊಳೆಯಲಿಲ್ಲ. ಉಪ್ಪಿಲ್ಲದ ಸಾರನ್ನು ಕಣ್ಣಾರೆ ನೋಡಿ, ಅರಿವು ಬಂದಿದೆ ಎಂದು ಬರೆದುಕೊಂಡೆ. ಅವರ ಬಾಯಿಂದ ತಪ್ಪೊಪ್ಪಿಗೆ ಹೇಳಿಸಲು ಹೊರಟು ಕಣ್ಣು ತುಂಬಿಸಿಕೊಂಡೆ.

ಅಮೃತೇಶ್ ಸರ್‌ಗೆ ಹೇಳಲೇಬೇಕಾಗಿತ್ತು, ಹೇಳಿದೆ. ಗುರುತು ಬಯಲಾಗಿರುವುದರಿಂದ ಹನ್ನೊಂದನೆಯ ಮಾತನ್ನು ವರದಿಯಿಂದಲೇ ತೆಗೆಯಬೇಕು ಎಂದರು. ಭಿತ್ತಿಪತ್ರ ನಿಂತಿದೆ. ಸಭೆಯಲ್ಲಿ ಸಮಯವಿಲ್ಲ ಎಂದು ಆ ತಾಯಿಗೆ ಹೇಳಿ ಕಳಿಸಬಹುದು. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ನಿಮ್ಮ ಪತ್ರ ಬೀರುವಿನಲ್ಲಿದೆ. ನಿಯಮದ ಪ್ರಕಾರ ಇಲ್ಲಿಗೆ ಎಲ್ಲ ಮುಗಿಯಿತು.

ಇದನ್ನು ಕೇಳಿದಾಗ ಮೊದಲು ಹಗುರವಾಯಿತು. ಆಮೇಲೆ ಅವರ ಬೇರೆ ಪಾತ್ರೆ ಕಣ್ಣ ಮುಂದೆ ಬಂತು. ಅವರಿಗೆ ನಾನು ಹೇಳುವಂತಿಲ್ಲ, ನಿಮಗೆ ವಿಳಾಸ ಕೊಡುವಂತೆಯೂ ಇಲ್ಲ. ಯಾರ ಗುಟ್ಟನ್ನೂ ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನೆ. ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ಶ್ವೇತ


ತಿ. ನರಸೀಪುರ
28 ನವೆಂಬರ್ 2023

ಶ್ವೇತಮ್ಮ,

ನೀನು ವಿಳಾಸ ಕೊಡಬೇಕಾಗಿರಲಿಲ್ಲ. ಬಸುರಿ ಮೊದಲ ಸಲ ಬಂದಾಗಲೇ ತವರಿನ ವಿಳಾಸ ಬರೆದುಕೊಳ್ಳುತ್ತೇವೆ, ಒಂಬತ್ತರಲ್ಲಿ ಅಲ್ಲಿಯ ಸಿಸ್ಟರಿಗೆ ಒಪ್ಪಿಸಬೇಕಲ್ಲ. ಹಳೆಯ ರಿಜಿಸ್ಟರಿನಲ್ಲಿ ಇಂದ್ರಾಣಿಯ ಹೆಸರಿನ ಮುಂದೆ ನನ್ನ ಕೈಬರಹದಲ್ಲೇ ಇತ್ತು.

ಮೊದಲು ಕೆಲಸದ ಮಾತು. ಶುಕ್ರವಾರ ಮೇಲಿನವರಿಗೆ ನಡೆದದ್ದೆಲ್ಲ ಬರೆದು, ಸಹಿ ಹಾಕಿ ಕೊಟ್ಟೆ. ನನ್ನ ಸರ್ವೀಸು ಏನಾಗುತ್ತದೋ ಗೊತ್ತಿಲ್ಲ. ನಮ್ಮ ಯಜಮಾನರು ಬಸ್ಸಿನ ತನಕ ಬಂದು ಬಿಟ್ಟು ಹೋದರು. ಆರನೇ ತಾರೀಖು ನಾನು ಬರುತ್ತೇನೆ. ಮರಿತಾಯಮ್ಮನಿಗೆ ಕೊಟ್ಟಿದ್ದ ಸಮಯ ನನಗೆ ಕೊಡಿ. ಎದುರಿಗೆ ಸಿಸ್ಟರ್‌ಗಳೇ ಕೂತಿರುತ್ತಾರೆ. ಅವರಲ್ಲಿ ನೂರಿಪ್ಪತ್ತು–ಎಂಬತ್ತು ಬರೆಯದವರು ಯಾರಿದ್ದಾರೋ ನಾನು ಕಾಣೆ. ಹನ್ನೊಂದನೆಯದನ್ನು ಇಡಬೇಕೋ ತೆಗೆಯಬೇಕೋ ಎಂದು ಅಮೃತೇಶ್ ಸರ್ ಹೇಳುವುದಲ್ಲ, ನಾನೂ ಅಲ್ಲ. ಅವಳನ್ನೇ ಕೇಳು. ಇಟ್ಟರೆ, ಅಂಚಿನಲ್ಲಿರುವ ನನ್ನ ಪೆನ್ಸಿಲಿನ "ಮುಖ್ಯ ಅಲ್ಲ" ಅನ್ನುವುದನ್ನೂ ಅಳಿಸಬೇಡ.

ಭಾನುವಾರ ಮರಿತಾಯಮ್ಮನ ಊರಿಗೆ ಹೋಗಿದ್ದೆ. ಹೆಮ್ಮರಗಾಲದ ಬಸ್ಸಿನ ತುಂಬ ಮಕ್ಕಳಾಗಲೆಂದು ವೇಣುಗೋಪಾಲಸ್ವಾಮಿಗೆ ಹರಕೆ ಹೊತ್ತು ಹೊರಟ ಗಂಡ ಹೆಂಡಿರು. ನನ್ನ ಪಕ್ಕದ ಹುಡುಗಿ ಎದ್ದು, ಅಮ್ಮ ಕೂತ್ಕಳಿ ಎಂದು ಜಾಗ ಕೊಟ್ಟಳು. ಚೀಲದಲ್ಲಿ ಬಿ.ಪಿ. ಮೆಷಿನ್ ಇತ್ತು. ಯಾಕೆ ತಂದೆನೋ ನನಗೇ ಗೊತ್ತಿಲ್ಲ. ಅದನ್ನು ತೆಗೆಯಲೂ ಇಲ್ಲ.

ಮರಿತಾಯಮ್ಮ ಬಾಗಿಲಲ್ಲೇ ಗುರುತು ಹಿಡಿದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಚಾಪೆ ಹಾಸಿ, ನೀರು ಕೊಟ್ಟು, "ಊಟದ ಹೊತ್ಗೆ ಬಂದಿದ್ದೀರಿ ಸಿಸ್ಟರೇ, ಉಂಡ್ಕಂಡೇ ಓಗ್ಬೇಕು" ಅಂದಳು. ಒಲೆಯ ಪಕ್ಕ ಎರಡು ಸಾರಿನ ಪಾತ್ರೆ. ಒಂದು ದೊಡ್ಡದು, ಒಂದು ಚಿಕ್ಕದು. ಕೂತರೆ ಬಾಯಿ ಕಟ್ಟುತ್ತದೆಂದು ನಿಂತೇ ಹೇಳಿದೆ. ಮೆಷಿನ್ ಕೆಟ್ಟದ್ದು, ನೋಡದೆ ಬರೆದದ್ದು, ಬಲಕ್ಕೆ ತಿರುಗಿದ್ದು. ಅಳಬಾರದೆಂದು ಮನೆಯಿಂದಲೇ ಗಟ್ಟಿ ಮಾಡಿಕೊಂಡು ಹೋಗಿದ್ದೆ, ಅಳಲಿಲ್ಲ.

ಅವಳು ಎದ್ದು ಟ್ರಂಕು ತೆಗೆದು ಕಾರ್ಡು ತಂದಳು. ಪ್ಲಾಸ್ಟಿಕ್ಕು ಬಿಚ್ಚಿ ಬೆರಳಿಟ್ಟು ತೋರಿಸಿದಳು.

"ಇದಾ?"

"ಅದೇ."

"ನೋಡ್ದೆ ಬರ್ದ್ರಾ?"

"ನೋಡಲಿಲ್ಲ."

"ನೋಡಿದ್ರೆ ಉಳ್ಕತಿದ್ಳಾ?"

ಗೊತ್ತಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಆಸ್ಪತ್ರೆಗೆ ಬಿಟ್ಟಿದ್ದರೆ ಉಳಿಯುತ್ತಿದ್ದಳು ಎಂದೆ.

ಅವಳು ಗೋಡೆಗೆ ಒರಗಿ ಕುಳಿತಳು. "ಬಾಳಕದಿಂದ ಅಲ್ವಾ?" ಅಂದಳು. ಅಲ್ಲ ಎಂದೆ. ಇನ್ನೊಂದು ಸಲ ಅದನ್ನೇ ಕೇಳಿದಳು. ಅದರಿಂದ ಆದದ್ದಲ್ಲ ಮರಿತಾಯಮ್ಮ, ನೀವೇನೂ ಮಾಡಲಿಲ್ಲ ಎಂದೆ.

ನನಗೆ ಮತ್ತೇನು ತೋಚಬೇಕು. ಚೀಲದಿಂದ ಪೆನ್ನು ತೆಗೆದು, ಆ ಸುಳ್ಳನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿಕೊಡುತ್ತೇನೆ ಎಂದು ಕಾರ್ಡಿಗೆ ಕೈ ಚಾಚಿದೆ. ಅವಳು ಅದನ್ನು ಎದೆಗೆ ಎಳೆದುಕೊಂಡಳು.

"ಇದರ ಮ್ಯಾಲೆ ನೀನಿನ್ನು ಬರೀಬ್ಯಾಡ."

ಆ ತನಕ ನನಗೆ ಬಹುವಚನ ಹಾಕುತ್ತಿದ್ದಳು.

ಕಾರ್ಡನ್ನು ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಒಲೆಯ ಹತ್ತಿರ ಹೋಗಿ ಒಂದು ತಟ್ಟೆ ತೆಗೆದುಕೊಂಡು ಮುದ್ದೆ ಹಾಕಿಕೊಂಡಳು. ಚಿಕ್ಕ ಪಾತ್ರೆಯ ಸಾರನ್ನೇ ಬಗ್ಗಿಸಿಕೊಂಡಳು. ಮನೆಯವರ ಉಪ್ಪಿನ ಬಟ್ಟಲು ಮೇಲಿನ ಗೂಡಿನಲ್ಲಿತ್ತು. ಅದನ್ನು ಇಳಿಸಿ, ಒಂದು ಚಿಟಿಕೆ ಹಾಕಿ, ಬೆರಳಲ್ಲಿ ಕಲಸಿದಳು. ಮೊದಲ ತುತ್ತು ಬಾಯಲ್ಲೇ ಇಟ್ಟುಕೊಂಡು ಕುಳಿತಿದ್ದಳು. ಆಮೇಲೆ ನುಂಗಿದಳು. ಕಣ್ಣಿಂದ ನೀರು ಇಳಿದು ತಟ್ಟೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ತುತ್ತು ತುತ್ತಾಗಿ ಪೂರ್ತಿ ಉಂಡಳು.

ಊಟದ ಹೊತ್ತಿಗೆ ಬಂದವರನ್ನು ಉಣ್ಣು ಅನ್ನದೆ ಎದುರಿಗೆ ಕೂತು ಉಣ್ಣುವುದು ನಮ್ಮ ಕಡೆ ಇಲ್ಲ. ಅವಳು ನನಗೆ ಉಣ್ಣು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವಳು ಕೈ ತೊಳೆಯುವ ತನಕ ನಾನು ನಿಂತೇ ಇದ್ದೆ.

ನಾಗರತ್ನ